ಅಕ್ಷರಮಾಲೆ ಕಟ್ಟಿದ ಜೋಡಿ

ಮಾರ್ಚ್ 4, ಸೋಮವಾರ

ದಿನಾ ಇಂಗ್ಲಿಷಿನಲ್ಲಿ ದಿನಚರಿ ಬರೆಯಬೇಕೆಂದು ಆಸ್ಪತ್ರೆಯ ಇಂಗ್ಲಿಷ್ ಕ್ಲಾಸಿನ ಮೇಷ್ಟ್ರ ಅಪ್ಪಣೆ. ಬರೆದೆ. ಎದ್ದೆ, ಬಸ್ಸು ಹತ್ತಿದೆ, ಕೆಲಸ ಮಾಡಿದೆ, ಅತ್ತೆಗೆ ಊಟ ಕೊಟ್ಟೆ, ಇನ್ನು ಮಲಗುತ್ತೇನೆ. ತಪ್ಪೇನೂ ಇಲ್ಲ, ಆದರೆ ಓದಿದರೆ ಯಾರೋ ನೆಮ್ಮದಿಯಾಗಿರುವ ಹೆಂಗಸಿನ ದಿನದ ಹಾಗಿದೆ. ನನ್ನ ಸಿಟ್ಟಿಗೆ ಆ ಐದು ವಾಕ್ಯಗಳಲ್ಲಿ ಕಾಲಿಡಲೂ ಜಾಗವಿಲ್ಲ. ಅದಕ್ಕೇ ಇದನ್ನು ಬೇರೆಯಾಗಿ, ನಮ್ಮ ಮಾತಿನಲ್ಲಿ, ನನಗೊಬ್ಬಳಿಗೇ ಬರೆದುಕೊಳ್ಳುತ್ತಿದ್ದೇನೆ.

ಆಸ್ಪತ್ರೆಯನ್ನು ದೊಡ್ಡ ಕಂಪನಿ ಕೊಂಡ ಮೇಲೆ ನಾಲ್ಕಾರು ದೇಶದ ಡಾಕ್ಟರುಗಳು ಬಂದು ಸೇರಿದ್ದಾರೆ. ಫೋನು, ಚೀಟಿ, ಸಭೆ ಎಲ್ಲ ಇಂಗ್ಲಿಷು. ಬೇಸಿಗೆ ಮುಗಿಯುವುದರೊಳಗೆ ನಡುಮಟ್ಟದ ಇಂಗ್ಲಿಷ್ ಪರೀಕ್ಷೆ ಪಾಸಾಗದವರನ್ನು ಬೇರೆ ಊರಿನ ಶಾಖೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತಾರಂತೆ. ಆಪರೇಷನ್ನಿನ ಉಪಕರಣಗಳನ್ನು ತೊಳೆದು, ಪೊಟ್ಟಣ ಕಟ್ಟಿ, ಹಬೆಯಲ್ಲಿ ಬೇಯಿಸುವ ಕೋಣೆಗೆ ನಾನು ಸೇರಿದ್ದು ಕೂದಲು ಕಪ್ಪಗಿದ್ದಾಗ. ಬಟ್ಟೆ ಒಗೆಯುವುದು ನನಗೇನೂ ಅವಮಾನವಲ್ಲ. ಆದರೆ ಅತ್ತೆಯ ಸೊಂಟದ ಮೂಳೆ ಮುರಿದ ಮೇಲೆ ಅವರು ಒಂದು ಹೆಗಲಿನ ಆಸರೆಯಿಲ್ಲದೆ ಹಾಸಿಗೆಯಿಂದ ಏಳಲಾರರು. ನಾನು ಬೇರೆ ಊರಿಗೆ ಹೋದರೆ ಆ ಹೆಗಲು ಯಾರದ್ದು? ಅವರ ಮಗ, ನನ್ನ ಗಂಡ, ತೀರಿಕೊಂಡು ಎರಡು ವರ್ಷವಾಯಿತು. ಉಳಿದವಳು ಮಗಳೊಬ್ಬಳು, ನನ್ನ ನಾದಿನಿ. ಆ ಮಹಾರಾಣಿಯೂ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಸಹಾಯಕಿ, ಇದೇ ಕ್ಲಾಸಿನ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ನಾನು ಕೊನೆಯ ಸಾಲು. ನನ್ನ ಗಂಡ ಹೋದ ದಿನದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ಇವತ್ತು ಪರೀಕ್ಷೆಯ ಪಟ್ಟಿ ಹಚ್ಚಿದ್ದರು. ಮಾತಿನ ಪರೀಕ್ಷೆಗೆ ಒಬ್ಬೊಬ್ಬರನ್ನೇ ಕರೆಯುವುದಿಲ್ಲವಂತೆ, ಜೋಡಿ ಜೋಡಿಯಾಗಿ ಕೂರಿಸುತ್ತಾರಂತೆ. ಜೋಡಿ ಕಟ್ಟಿದ್ದು ಮನೆಹೆಸರಿನ ಅಕ್ಷರದ ಮೇಲೆ. ಮದುವೆಯಲ್ಲಿ ನನಗೆ ಬಂದದ್ದೂ ಅವಳು ಹುಟ್ಟುವಾಗಲೇ ತಂದದ್ದೂ ಒಂದೇ ಮನೆಹೆಸರು. ಪಟ್ಟಿಯಲ್ಲಿ ನಮ್ಮಿಬ್ಬರನ್ನು ಒಂದು ಕಂಸದೊಳಗೆ ಹಾಕಿ ಮುಚ್ಚಿದ್ದಾರೆ.

ಮಾರ್ಚ್ 7, ಗುರುವಾರ

ಕ್ಲಾಸಿನಲ್ಲಿ ಎಲ್ಲರೂ ತಂತಮ್ಮ ಜೋಡಿಯ ಪಕ್ಕ ಕೂರಬೇಕಾಯಿತು. ಆಂಬುಲೆನ್ಸಿನ ಡ್ರೈವರುಗಳಿಬ್ಬರು ಖುಷಿಯಾಗಿ ಕುರ್ಚಿ ಎಳೆದುಕೊಂಡರು. ನಾನು ಏಳಲಿಲ್ಲ, ಅವಳೂ ಏಳಲಿಲ್ಲ. ಕೊನೆಗೆ ಮೇಷ್ಟ್ರೇ ಅವಳ ಕುರ್ಚಿಯನ್ನು ಹಿಂದಕ್ಕೆ ತಂದಿಟ್ಟರು. ಪಾಪ, ಅವರಿಗೇನು ಗೊತ್ತು.

"ಅಂಕ ಮಾತುಕತೆಗೆ ಸಿಗೋದು," ಎಂದರು ಮೇಷ್ಟ್ರು. "ಒಬ್ಬರೇ ಭಾಷಣ ಹೊಡೆದ್ರೆ ಇಬ್ಬರಿಗೂ ಅಂಕ ಹೋಗುತ್ತೆ. ಜೊತೆಯವರು ತಡವರಿಸಿದ್ರೆ ಒಂದು ಪ್ರಶ್ನೆ ಕೇಳಿ ಮಾತಿಗೆ ಎಳ್ಕೊಳ್ಳಿ. ಮುಖ ನೋಡಿ ಮಾತಾಡಿ. ಗೋಡೆಗೆ ಅಂಕ ಕೊಡೋಕಾಗಲ್ಲ."

ವಿಷಯ, ರಜಾದಿನಗಳು. ಅವಳು ಗೋಡೆಗೆ ಹೇಳಿದಳು, ನನಗೆ ಸಮುದ್ರ ಇಷ್ಟ. ನಾನು ಮೇಜಿಗೆ ಹೇಳಿದೆ, ನನಗೆ ರಜಾ ಇಲ್ಲ. (ಇಂಗ್ಲಿಷಿನಲ್ಲಿ ಆಡಿದ್ದನ್ನೂ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಈ ಬರಹ ಯಾವತ್ತೂ ಮುಗಿಯುವುದಿಲ್ಲ.) ಆಮೇಲೆ ಇಬ್ಬರೂ ಗಡಿಯಾರ ನೋಡುತ್ತ ಕುಳಿತೆವು.

ನಿಮ್ಮಿಬ್ಬರ ಸಂಬಂಧವೇನು ಎಂದು ಪಕ್ಕದ ಡ್ರೈವರು ಕೇಳಿದ. ಇಂಗ್ಲಿಷಿನಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರಿಗೂ ಒಂದೇ ಹೆಸರು. ಎಲ್ಲ ಜಗಳಗಳನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದಾರೆ ಪುಣ್ಯಾತ್ಮರು.

ಮಾರ್ಚ್ 12, ಮಂಗಳವಾರ

ಅತ್ತೆಗೆ ಹೇಗೋ ಗೊತ್ತಾಗಿದೆ. ಹೇಗೋ ಏನು, ಮಗಳೇ ಹೇಳಿರುತ್ತಾಳೆ. ನಾನು ಕೆಲಸದಲ್ಲಿರುವ ಹೊತ್ತು ನೋಡಿಕೊಂಡೇ ಅವಳು ತಾಯಿಯ ಹತ್ತಿರ ಬಂದು ಹೋಗುತ್ತಾಳೆ. ಬಂದದ್ದು ನನಗೆ ಗೊತ್ತಾಗುವುದು ಹೊದಿಕೆಯಿಂದ. ನಾನು ನಾಲ್ಕು ಮಡಿಕೆ ಹಾಕುತ್ತೇನೆ, ಅವಳು ವಾರ್ಡಿನವರ ಹಾಗೆ ಮೂರು ಮಡಿಕೆ ಹಾಕಿ ಅಂಚು ಒಳಗೆ ಸಿಕ್ಕಿಸುತ್ತಾಳೆ. ನಾನು ಬಂದ ಕೂಡಲೇ ಅದನ್ನು ಬಿಚ್ಚಿ ನನ್ನ ಹಾಗೆ ಮಡಿಸುತ್ತೇನೆ.

"ನೀವಿಬ್ಬರೂ ಜೋಡಿಯಂತೆ," ಎಂದರು ಅತ್ತೆ.

"ಕಾಗದದಲ್ಲಿ," ಎಂದೆ.

"ಕಾಗದದಲ್ಲಾದ್ರೂ ಆದ್ರಲ್ಲ. ಈ ಹೊದಿಕೆನ ಅವಳು ಮಡಿಸೋದು, ನೀನು ಬಿಚ್ಚೋದು. ಬಟ್ಟೆ ಸವೆದು ಹೋಗುತ್ತೆ ಕಣೇ."

"ಚಳಿ ಆಗುತ್ತಾ ನಿಮಗೆ?"

"ಮಾತು ತಿರುಗಿಸಬೇಡ. ನೀವಿಬ್ಬರೂ ಫೇಲಾದ್ರೆ ನನ್ನನ್ನ ಎತ್ತೋರು ಯಾರು? ಎದುರುಮನೆಯಾಕೆಗೆ ಬೆನ್ನುನೋವು. ಗೋಡೆ ಹಿಡ್ಕೊಂಡು ಎದ್ದು ಬೀಳ್ತೀನಿ ಅಷ್ಟೆ."

ತಮಾಷೆ ಮಾಡುವ ಹಾಗೆ ಹೇಳಿದರೂ ಅವರ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಪಾಸಾಗಲೇಬೇಕು. ಗೋಡೆಯೊಂದಿಗಾದರೂ ಸರಿ, ಅವಳೊಂದಿಗಾದರೂ ಸರಿ.

ಮಾರ್ಚ್ 13, ಬುಧವಾರ

ಸುಸ್ತು. ಬರೆಯುವಂಥದ್ದೇನಿಲ್ಲ. ಹೊದಿಕೆ ಮತ್ತೆ ಮೂರು ಮಡಿಕೆ.

ಮಾರ್ಚ್ 21, ಗುರುವಾರ

ಇವತ್ತು ಸ್ವಲ್ಪದರಲ್ಲಿ ತಪ್ಪಿತು.

ಬೆಳಗ್ಗೆ ಆಪರೇಷನ್ ಕೋಣೆಯಿಂದ ಫೋನು. ಹೊಸದಾಗಿ ಬಂದ ಮೂಳೆ ಡಾಕ್ಟರು, ಅವರ ಇಂಗ್ಲಿಷು ಗಂಟಲಿನಲ್ಲೇ ಅರ್ಧ ಉಳಿದುಬಿಡುತ್ತದೆ. ಏನೋ ಗಡಬಡಿಸಿ ಹೇಳಿದರು. ನಾನು ಯೆಸ್ ಯೆಸ್, ಓಕೆ ಎಂದೆ. ಅವರು ಇಟ್ಟರು. ಇಟ್ಟ ಮೇಲೆ ರಿಸೀವರು ಹಿಡಿದುಕೊಂಡೇ ನಿಂತೆ. ಪೊಟ್ಟಣ ಎಂದರು, ಬಣ್ಣ ಎಂದರು, ಬೇಗ ಎಂದರು. ಬೇಗ ಕಳಿಸಿ ಎಂದರೋ, ಬೇಗ ಏನು ಮಾಡಿ ಎಂದರೋ? ಬೆಳಗಿನ ಹಬೆಯಿಂದ ತೆಗೆದ ಪೊಟ್ಟಣಗಳನ್ನು ಜೋಡಿಸಿ ಲಿಫ್ಟಿಗೆ ಹಾಕಲು ಗಾಡಿ ಆಗಲೇ ತುಂಬಿಸಿದ್ದೆ. ಒಂದು ಮನಸ್ಸು, ಕಳಿಸಿಬಿಡು, ಅದನ್ನೇ ಕೇಳಿರುತ್ತಾರೆ ಎಂದಿತು.

ಇಂಗ್ಲಿಷು ಏನೂ ಬರದಿದ್ದಾಗ ನಾನು ಹೀಗಿರಲಿಲ್ಲ. ಆಗ ಫೋನು ಬಂದರೆ ರಿಸೀವರನ್ನು ಬೇರೆಯವರ ಕೈಗೆ ಕೊಟ್ಟು ಪಾರಾಗುತ್ತಿದ್ದೆ. ಈಗ ಅರ್ಧ ಬರುತ್ತದೆ, ಇನ್ನರ್ಧವೂ ಬಂದಂತೆ ನಟಿಸುವ ಜಾಣತನ ಅದರ ಬೆನ್ನಿಗೇ ಬಂದಿದೆ.

ಬಾಗಿಲಲ್ಲಿ ಅವಳು ನಿಂತಿದ್ದಳು, ವಾರ್ಡಿನ ಡ್ರೆಸ್ಸಿಂಗ್ ಪೊಟ್ಟಣ ಒಯ್ಯಲು ಬಂದವಳು. ಎಲ್ಲ ನೋಡಿದ್ದಳು. ನನ್ನ ಮುಖವನ್ನೇ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು, "ಮತ್ತೆ ಕೇಳು."

ಎರಡು ವರ್ಷದಲ್ಲಿ ನನಗೆಂದೇ ಅವಳು ಆಡಿದ ಮೊದಲ ಮಾತು. ಮುಖಕ್ಕೆ ಹೊಡೆದ ಹಾಗಿತ್ತು. ಆದರೂ ನಂಬರು ಒತ್ತಿದೆ. ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ, ನಿಧಾನವಾಗಿ ಹೇಳಿ ಎಂದೆ. ಅವರು ನಿಧಾನವಾಗಿ ಹೇಳಿದರು. ಒಂದು ಪೊಟ್ಟಣ ತೆರೆದಾಗ ಒಳಗಿನ ಪಟ್ಟಿ ಬಣ್ಣ ಬದಲಿಸಿರಲಿಲ್ಲ, ಹಬೆ ಒಳಗೆ ತಲುಪಿಲ್ಲ, ಆ ಸರದಿಯದ್ದು ಒಂದನ್ನೂ ಕಳಿಸಬೇಡಿ, ಬೇಗ ತಡೆಯಿರಿ.

ಆಪರೇಷನ್ ಮೇಜಿನ ಮೇಲೆ ಒಂದು ಮಗು ಮಲಗಿತ್ತಂತೆ. ಗಾಡಿಯನ್ನು ಲಿಫ್ಟಿನ ಬಾಗಿಲಿಂದ ಹಿಂದಕ್ಕೆ ಎಳೆದೆ. ತಿರುಗಿ ನೋಡಿದರೆ ಅವಳು ಹೋಗಿಯಾಗಿತ್ತು. ನಮ್ಮ ಮೇಲ್ವಿಚಾರಕಿ ಕನ್ನಡಕದಮ್ಮ ಬಂದು, "ಪರವಾಗಿಲ್ಲ, ಎಚ್ಚರ ಇಟ್ಟು ಕೆಲಸ ಮಾಡ್ತೀರಿ," ಎಂದು ಹೊಗಳಿದರು. ಆ ಹೊಗಳಿಕೆ ಸಲ್ಲಬೇಕಾದದ್ದು ಅವಳಿಗೆ. ಅವಳಿಗೆ ಋಣಿಯಾಗುವುದಕ್ಕಿಂತ ಬೈಸಿಕೊಳ್ಳುವುದೇ ಹಿತವಾಗಿತ್ತು.

ಮಾರ್ಚ್ 26, ಮಂಗಳವಾರ

ಇದನ್ನು ಬರೆಯದೆ ಊಟ ಸೇರುವುದಿಲ್ಲ.

ಇವತ್ತು ಅಣಕು ಪರೀಕ್ಷೆ. ಜೋಡಿಗಳನ್ನು ಒಂದೊಂದಾಗಿ ಮುಂದೆ ಕರೆದು ಚೀಟಿ ಕೊಟ್ಟರು. ನಮ್ಮ ಚೀಟಿ, ನಿಮ್ಮ ಕುಟುಂಬದ ಒಬ್ಬರ ಬಗ್ಗೆ ಹೇಳಿ. ತಾಯಿಯ ಬಗ್ಗೆ ಹೇಳುತ್ತಾಳೆ ಎಂದುಕೊಂಡೆ. ಅವಳು ಅಣ್ಣನ ಬಗ್ಗೆ ಶುರುಮಾಡಿದಳು.

"ನನ್ನ ಅಣ್ಣ ಎತ್ತರ ಇದ್ದಾನೆ," ಎಂದಳು. ನಿಲ್ಲಿಸಿದಳು. "ಎತ್ತರ ಇದ್ದ. ಚಿಕ್ಕವನಿದ್ದಾಗ ಬೂಟಿನ ದಾರ ಕಟ್ಟುವಾಗ ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ಹಾಕದೆ ಅವನಿಗೆ ಗಂಟು ಹಾಕಲು ಬರುತ್ತಿರಲಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಬಾಗಿಲಲ್ಲಿ ಬೂಟು ಹಾಕಿಕೊಂಡು ಹೋದವರು, ನನ್ನೆದುರು ಒಂದು ದಿನವೂ ಸಿಳ್ಳೆ ಹಾಕಿದವರಲ್ಲ. ಇನ್ನೂ ಏನೇನು ಇಟ್ಟುಕೊಂಡಿದ್ದಾಳೆ ಇವಳೊಬ್ಬಳೇ ಎಂದು ಮೈಯೆಲ್ಲ ಉರಿಯಿತು. ಈಗ ನಿಮ್ಮ ಸರದಿ, ಏನಾದರೂ ಕೇಳಿ ಎಂದು ಮೇಷ್ಟ್ರು ಸನ್ನೆ ಮಾಡಿದರು.

"ಅವನು ನನ್ನ ಗಂಡ," ಎಂದೆ. "ಅವನು ಸಾಯುವಾಗ ನೀನು ಅಲ್ಲಿದ್ದೆ. ನಾನು ಇರಲಿಲ್ಲ."

ನಮ್ಮ ಮಾತಿನಲ್ಲಾಗಿದ್ದರೆ ಹೀಗೆ ಹೇಳುತ್ತಲೇ ಇರಲಿಲ್ಲ. ಸುತ್ತಿ ಬಳಸಿ, ಗೋಡೆಗೆ ತಾಗುವ ಹಾಗೆ, ಅವಳಿಗೆ ಮಾತ್ರ ನಾಟುವ ಹಾಗೆ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಸುತ್ತಲು ನನಗೆ ದಾರವೇ ಇಲ್ಲ. ಡ್ರೈವರುಗಳು ಪುಸ್ತಕಕ್ಕೆ ಮುಖ ತೂರಿಸಿದರು. ಮೇಷ್ಟ್ರು ಸೀಮೆಸುಣ್ಣ ಹಿಡಿದು ಹಾಗೇ ನಿಂತರು. ಅವಳು ಎದ್ದು ಚೀಲ ತೆಗೆದುಕೊಂಡು ಹೊರಟುಹೋದಳು.

ಆ ದಿನದ್ದನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ಬರೆದುಬಿಡುತ್ತೇನೆ. ನನ್ನ ಗಂಡ ಕಾಯಿಲೆ ಬಿದ್ದು ವಾರ್ಡಿನಲ್ಲಿ ಮಲಗಿ ವಾರಗಳಾಗಿದ್ದವು. ಅವಳು ಬೇಕೆಂದೇ ಆ ವಾರ್ಡಿಗೆ ಕೆಲಸ ಹಾಕಿಸಿಕೊಂಡಿದ್ದಳು. ಆ ಬೆಳಗ್ಗೆ ಬಂದವಳೇ, "ಅತ್ತಿಗೆ, ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ, ನಾನಿದೀನಲ್ಲ," ಎಂದಳು. ಹೋದೆ. ಸ್ನಾನ ಮಾಡಿ ಹಾಸಿಗೆಯ ಅಂಚಿಗೆ ಕೂತದ್ದಷ್ಟೇ ಗೊತ್ತು, ನಿದ್ದೆ ಎಳೆದುಕೊಂಡಿತು. ಎಚ್ಚರವಾಗಿ ಓಡಿ ಹೋದರೆ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಕೊನೆಯ ಅರ್ಧ ಗಂಟೆ ಕುಸಿಯುತ್ತಲೇ ಇದ್ದರಂತೆ. ಪಕ್ಕದ ಕೋಣೆಯಲ್ಲಿ ಯಾರಿಗೋ ತುರ್ತು ಎಂದು ನರ್ಸುಗಳೆಲ್ಲ ಅಲ್ಲಿಗೆ ಓಡಿದ್ದರಂತೆ, ನನ್ನ ಗಂಡನ ಬಳಿ ಇದ್ದವಳು ಅವಳೊಬ್ಬಳೇ. ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಅದು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಮನೆಯಿಂದ ಆಸ್ಪತ್ರೆಗೆ ಅರ್ಧ ಗಂಟೆಯೂ ಬೇಕಿಲ್ಲ.

ಯಾಕೆ ಕರೆಯಲಿಲ್ಲ ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಅವತ್ತು ಕೇಳದೆ ಬಿಟ್ಟದ್ದು ಮರುದಿನಕ್ಕೆ ಇನ್ನೂ ಕಷ್ಟವಾಯಿತು.

ಏಪ್ರಿಲ್ 2, ಮಂಗಳವಾರ

ಮೇಷ್ಟ್ರು ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಪರೀಕ್ಷೆಯ ಕಚೇರಿಗೆ ಬರೆದು ಜೋಡಿ ಬದಲಾಯಿಸಬಹುದು, ಹೀಗೆ ಕೂರಿಸಿದರೆ ಇಬ್ಬರೂ ಮುಳುಗುತ್ತೀರಿ ಎಂದರು. ಸರಿಯಾದ ಮಾತೇ. ಆಂಬುಲೆನ್ಸಿನ ಡ್ರೈವರು ಸಿಕ್ಕಿದರೆ ಬಾಯಿ ಮುಚ್ಚುವುದಿಲ್ಲ, ನಾನು ನಡುನಡುವೆ ಹೌದಾ ಎಂದರೆ ಸಾಕು.

"ಬೇಡ," ಎಂದೆ.

"ಯೋಚನೆ ಮಾಡಿ ಹೇಳಿ. ಅವರನ್ನೂ ಕೇಳಿದೆ, ಅವರೂ ಬೇಡ ಅಂದ್ರು. ನಿಮ್ಮಿಬ್ಬರಿಗೂ ಏನಾಗಿದೆ ಅಂತ?"

ಅವಳು ಬೇಡ ಎಂದದ್ದು ಹಟಕ್ಕಿರಬೇಕು. ನಾನು ಯಾಕೆ ಬೇಡ ಎಂದೆನೋ ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ. ಬದಲಾಯಿಸಿದರೆ ಹೆದರಿಕೊಂಡಳು ಎಂದುಕೊಳ್ಳುತ್ತಾಳೆ, ಅದಕ್ಕೇ ಇರಬೇಕು.

ಮನೆಗೆ ಬಂದಾಗ ಹೊದಿಕೆ ಮೂರು ಮಡಿಕೆ. ಕೈ ಸೋತಿತ್ತು, ಹಾಗೇ ಬಿಟ್ಟೆ.

ಏಪ್ರಿಲ್ 9, ಮಂಗಳವಾರ

ಊಟದ ಬಿಡುವಿನಲ್ಲಿ ಬಟ್ಟೆ ಇಡುವ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೇವೆ, ಇದು ಮೂರನೆಯ ದಿನ. ಜೋಡಿ ಬದಲಾಯಿಸದಿದ್ದರೆ ಇಬ್ಬರೂ ದಿನಾ ಅಭ್ಯಾಸ ಮಾಡಿ ಎಂದು ಮೇಷ್ಟ್ರು ಒಂದು ಕಟ್ಟು ಚೀಟಿ ಕೊಟ್ಟಿದ್ದಾರೆ. ಒಳಗೆ ಹೋಗುವಾಗ ಮಾತಿಲ್ಲ, ಹೊರಗೆ ಬರುವಾಗ ಮಾತಿಲ್ಲ. ಒಳಗೆ ಇಂಗ್ಲಿಷು ಮಾತ್ರ. ಇಂಗ್ಲಿಷಿನಲ್ಲಿ ಅವಳು ನನ್ನನ್ನು ಏನೆಂದೂ ಕರೆಯಬೇಕಾಗಿಲ್ಲ, ನಾನೂ ಅಷ್ಟೆ. ಅದೊಂದು ಅನುಕೂಲ.

ಇವತ್ತಿನ ಚೀಟಿ, ನಗರದೊಳಗೆ ಕಾರುಗಳನ್ನು ನಿಷೇಧಿಸಬೇಕೇ? ನನಗೂ ಕಾರಿಲ್ಲ, ಅವಳಿಗೂ ಕಾರಿಲ್ಲ. ನಾನು ನಿಷೇಧಿಸಬೇಕು ಎಂದೆ. ಅವಳು ಬಸ್ಸುಗಳನ್ನು ಮೊದಲು ನಿಷೇಧಿಸಬೇಕು, ಬಸ್ಸಿನಲ್ಲಿ ಜನ ಇದ್ದಾರೆ ಎಂದಳು. ಜನ ಇದ್ದರೆ ಏನು ತೊಂದರೆ ಎಂದೆ. ಜನ ನನ್ನ ಕಾಲು ತುಳಿಯುತ್ತಾರೆ, ನಂತರ ಹವಾಮಾನದ ಬಗ್ಗೆ ಮಾತಾಡುತ್ತಾರೆ ಎಂದಳು, ಬಹಳ ಗಂಭೀರವಾಗಿ. ನನಗೆ ನಗು ತಡೆಯಲಾಗಲಿಲ್ಲ. ನಗುವಿಗೆ ಅಂಕವಿಲ್ಲ ಎಂದಳು ಇವಳು, ಅದೇ ಗಂಟುಮುಖದಲ್ಲಿ. ಇವಳ ಅಣ್ಣನದ್ದೂ ಹೀಗೇ, ಎಲ್ಲರನ್ನೂ ನಗಿಸಿ ತಾನು ಹುಬ್ಬು ಗಂಟಿಕ್ಕಿಕೊಂಡು ಕೂರುವುದು.

ಚೀಟಿಯ ಎರಡು ನಿಮಿಷ ಮುಗಿದ ಮೇಲೂ ಬಸ್ಸನ್ನು ಬೈಯುತ್ತಲೇ ಇದ್ದೆವು. ನನ್ನ ಅರ್ಧ ಊಟ ಡಬ್ಬಿಯಲ್ಲೇ ಉಳಿಯಿತು.

ಏಪ್ರಿಲ್ 14, ಭಾನುವಾರ

ನಾನು ಮನೆಯಲ್ಲಿರುವಾಗಲೇ ಬಂದಳು. ಗಂಟೆ ಒತ್ತಿ, ಚೀಟಿಗಳ ಕಟ್ಟನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ಅತ್ತೆಯ ಮಂಚದ ಆಚೆ ಈಚೆ ಕೂತು ಅಭ್ಯಾಸ ಮಾಡಿದೆವು. ಅತ್ತೆ ಟೆನಿಸ್ ಆಟ ನೋಡುವವರ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಿದ್ದರು.

"ಇದು ಜಗಳವೋ ರಾಜಿಯೋ, ಅದನ್ನಾದ್ರೂ ಹೇಳಿ," ಎಂದರು.

"ಪ್ಲಾಸ್ಟಿಕ್ ಚೀಲದ ವಿಷಯ ಅಮ್ಮ," ಎಂದಳು ಇವಳು.

"ಅಷ್ಟು ದೂರದ ದೇಶದ ಮಾತು ಕಲಿತು ಪ್ಲಾಸ್ಟಿಕ್ ಚೀಲದ ಬಗ್ಗೆ ಮಾತಾಡ್ತೀರಾ? ನಿಮಗೆ ನಮ್ಮ ಮಾತು ಬಾಯಿಗೆ ಬರೋದಿಲ್ವಾ?"

ಮುಂದಿನ ಚೀಟಿ ತೆಗೆದೆ. ಹೋಗುವಾಗ ಅತ್ತೆಯನ್ನು ಕುರ್ಚಿಗೆ ಕೂರಿಸಬೇಕಾಯಿತು, ಇವಳು ಎಡಗಡೆ ಹಿಡಿದಳು, ನಾನು ಬಲಗಡೆ. ಒಬ್ಬಳೇ ಎತ್ತುವಾಗ ಅವರು ಇಷ್ಟು ಹಗುರ ಎಂದು ಗೊತ್ತಾಗಿರಲಿಲ್ಲ.

ಏಪ್ರಿಲ್ 18, ಗುರುವಾರ

ಶಾಖೆಗೆ ಹೋಗುವವರ ಪಟ್ಟಿ ಟೈಪಾಗುತ್ತಿದೆಯಂತೆ. ಪಾಸಾದವರ ಹೆಸರು ಆಮೇಲೆ ಹೊಡೆದು ಹಾಕುತ್ತಾರಂತೆ, ಸದ್ಯಕ್ಕೆ ಎಲ್ಲರ ಹೆಸರೂ ಇದೆ. ಕನ್ನಡಕದಮ್ಮ ಹೇಳಿದಾಗ ಕೈಯಲ್ಲಿದ್ದ ಕತ್ತರಿಗಳು ಟ್ರೇಗೆ ಬಿದ್ದವು, ಮತ್ತೆ ತೊಳೆಯಬೇಕಾಯಿತು.

ಅಷ್ಟರ ಮೇಲೆ ಬಟ್ಟೆ ಕೋಣೆಯಲ್ಲಿ ಇವಳ ರಾಮಾಯಣ. ಕಪಾಟಿಗೆ ಒರಗಿ, "ನಾನು ಶನಿವಾರ ಪರೀಕ್ಷೆಗೆ ಬರುವುದಿಲ್ಲ," ಎಂದಳು. ಮುಖ ಬಿಳಿಚಿಕೊಂಡಿತ್ತು.

"ಯಾಕೆ?"

"ಅಪರಿಚಿತರ ಮುಂದೆ ನನ್ನ ಬಾಯಿ ಮುಚ್ಚಿಹೋಗುತ್ತದೆ. ನನಗೆ ಗೊತ್ತು. ನಿನ್ನ ಅಂಕವೂ ಹೋಗುತ್ತದೆ. ನಾನು ಬರದಿದ್ದರೆ ನಿನ್ನನ್ನು ಬೇರೆ ಜೋಡಿಯ ಜೊತೆ ಮೂರನೆಯವಳಾಗಿ ಕೂರಿಸುತ್ತಾರೆ, ನಾನು ಕಚೇರಿಗೆ ಕೇಳಿದೆ. ನೀನು ಪಾಸಾಗು. ಅಮ್ಮನನ್ನು ನೋಡಿಕೋ. ನಾನು ಬಟ್ಟೆ ಒಗೆಯುತ್ತೇನೆ."

ಎಲ್ಲ ಲೆಕ್ಕ ಹಾಕಿಯೇ ಬಂದಿದ್ದಳು. ಒಂದು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದೆನೋ ಏನೋ. ಈಗ ಬಂದದ್ದು ಸಿಟ್ಟು, ಕಣ್ಣು ಕತ್ತಲೆ ಬರುವಷ್ಟು ಸಿಟ್ಟು. ಇವಳು ಯಾವಾಗಲೂ ಹೀಗೇ, ತಾನೇ ತೀರ್ಮಾನ ಮಾಡಿಬಿಡುವುದು, ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ಕೇಳುವುದಿಲ್ಲ.

"ಇಲ್ಲ," ಎಂದೆ. "ನೀನು ಬರುತ್ತೀ. ಮೂರನೆಯವಳಾಗಿ ಕೂರಲು ನನಗೆ ಇಷ್ಟವಿಲ್ಲ. ನನಗೆ ನೀನು ಬೇಕು."

ಜೋಡಿಗೆ ಬೇಕು ಎಂದು ಹೇಳಲು ಹೊರಟದ್ದು, ಅದಕ್ಕೆ ಇಂಗ್ಲಿಷು ಹೊಳೆಯಲಿಲ್ಲ. ಅವಳು ಚೀಟಿಗಳ ಕಟ್ಟನ್ನು ಎತ್ತಿಕೊಂಡು ಹೊರಟಳು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಏಪ್ರಿಲ್ 20, ಶನಿವಾರ

ಬಂದಿದ್ದಳು. ನನಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಬರವಣಿಗೆಯ ಭಾಗ ಬೆಳಗ್ಗೆ ಮುಗಿಯಿತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಮಧ್ಯಾಹ್ನ ಮಾತಿನದ್ದು. ಹೆಸರು ಓದಿದ ಗುಮಾಸ್ತೆ, ಅಕ್ಕತಂಗಿಯರಾ ಎಂದು ಕೇಳಿದಳು. ಇಬ್ಬರೂ ಇಲ್ಲ ಎನ್ನಲಿಲ್ಲ. ಕೋಣೆಯಲ್ಲಿ ಪರೀಕ್ಷಕರು ಇಬ್ಬರು. ಪ್ರಶ್ನೆ ಕೇಳುವ ಹೆಂಗಸಿನ ದನಿ ಮೆತ್ತಗಿತ್ತು. ಮೂಲೆಯಲ್ಲಿ ಕೂತಿದ್ದ ಗಂಡಸು ಅಂಕ ಬರೆಯುವವನು, ತಲೆ ಎತ್ತಲೇ ಇಲ್ಲ.

ಮೊದಲು ಹೆಸರು, ಊರು, ಕೆಲಸ. ನನ್ನದು ಸರಿಹೋಯಿತು. ಇವಳು ತನ್ನ ಕೆಲಸ ಹೇಳುವಾಗಲೇ ದನಿ ಸಣ್ಣಗಾಯಿತು. ಆಮೇಲೆ ಆ ಹೆಂಗಸು ಒಂದು ಚಿತ್ರವನ್ನು ನಮ್ಮ ನಡುವೆ ಇಟ್ಟಳು. ಯಾವುದೋ ಕಾರಿಡಾರು, ಸಮವಸ್ತ್ರ ಹಾಕಿದವಳೊಬ್ಬಳು ಗೋಡೆಗೆ ಒರಗಿ ನಿಂತಿದ್ದಾಳೆ. ಕೆಲಸದಲ್ಲಿ ಒಂದು ಕಷ್ಟದ ದಿನ, ಇದರ ಬಗ್ಗೆ ಒಬ್ಬರೊಡನೊಬ್ಬರು ಮಾತಾಡಿ, ಮೂರು ನಿಮಿಷ ಎಂದಳು.

ನಾನು ಫೋನಿನ ಕಥೆ, ಪೊಟ್ಟಣದ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಮುಗಿಸಿ ಇವಳ ಕಡೆ ತಿರುಗಿದರೆ ಚಿತ್ರವನ್ನೇ ನೋಡುತ್ತ ಕೂತಿದ್ದಾಳೆ, ಬಾಯಿ ಒಣಗಿ ತುಟಿ ಅಂಟಿಕೊಂಡಿದೆ. ಮೂಲೆಯವನ ಪೆನ್ನು ನಿಂತಿತು. ನಾನೇ ಮುಂದುವರಿಸಿದರೆ ಇಬ್ಬರಿಗೂ ಅಂಕ ಹೋಗುತ್ತದೆ, ಸುಮ್ಮನಿದ್ದರೂ ಹೋಗುತ್ತದೆ. ಪ್ರಶ್ನೆ ಕೇಳಬೇಕು. ನಿನಗೆ ಏನನಿಸುತ್ತದೆ ಎಂದು ಕೇಳಲು ಮೇಷ್ಟ್ರು ಕಲಿಸಿದ್ದಾರೆ. ಅದನ್ನೇ ಕೇಳಲು ಬಾಯಿ ತೆರೆದೆ.

"ಆ ದಿನ ವಾರ್ಡಿನಿಂದ ನನ್ನನ್ನು ಯಾಕೆ ಕರೆಯಲಿಲ್ಲ?" ಎಂದೆ.

ಇವಳು ತಲೆ ಎತ್ತಿದಳು. ನನ್ನನ್ನೇ ನೋಡಿದಳು. ಬರುವುದಿಲ್ಲ ಉತ್ತರ, ಎದ್ದು ಹೋಗುತ್ತಾಳೆ, ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

"ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳನ್ನು ಬೀಗ ಹಾಕಿ ಇಡುತ್ತೇವೆ," ಎಂದಳು. "ವಾರ್ಡಿನ ಫೋನು ಕಾರಿಡಾರಿನ ಕೊನೆಯಲ್ಲಿದೆ. ನಾನು ಬಾಗಿಲ ಕಡೆಗೆ ಹೋದೆ. ಅವನು ನನ್ನ ಕೈ ಹಿಡಿದುಕೊಂಡ. ಗಟ್ಟಿಯಾಗಿ. ಬಿಡಿಸಿಕೊಂಡರೆ ಅವನು ಒಬ್ಬನೇ ಆಗುತ್ತಾನೆ. ಬಿಡಿಸದಿದ್ದರೆ ನೀನು ಬರುವುದಿಲ್ಲ. ಯಾರಾದರೂ ಬನ್ನಿ ಎಂದು ಕೂಗಿದೆ. ಯಾರೂ ಬರಲಿಲ್ಲ. ನಾನು ಕೈ ಬಿಡಿಸಲಿಲ್ಲ."

ಮೂಲೆಯವನು ತಲೆ ಎತ್ತಿದ್ದ. ಆ ಹೆಂಗಸು ಗಡಿಯಾರ ನೋಡುವುದನ್ನು ಮರೆತಿದ್ದಳು. ಈಗ ನಾನು ಮಾತಾಡಬೇಕಿತ್ತು, ನನ್ನ ಸರದಿ. ಆಗ ಇವಳೇ ನನ್ನನ್ನು ಕೇಳಿದಳು, ಬೇರೆ ಯಾರೂ ಇಲ್ಲವೇನೋ ಎಂಬ ಹಾಗೆ, "ನೀನು ಯಾಕೆ ಕೇಳಲಿಲ್ಲ? ಎರಡು ವರ್ಷ?"

"ಭಯ," ಎಂದೆ. "ಅವನು ನನ್ನನ್ನು ಕರೆ ಎಂದು ಹೇಳಿದ, ಆದರೂ ನಾನು ಬರಲಿಲ್ಲ ಎಂದು ನೀನು ಹೇಳುತ್ತೀ ಎಂದು ಭಯ."

"ಅವನು ಏನೂ ಹೇಳಲಿಲ್ಲ. ನಿನ್ನ ಹೆಸರು ಹೇಳಲಿಲ್ಲ. ನನ್ನ ಹೆಸರೂ ಹೇಳಲಿಲ್ಲ. ಕೈ ಮಾತ್ರ."

ಆ ಹೆಂಗಸು ತುಂಬ ಮೆತ್ತಗೆ ಥ್ಯಾಂಕ್ ಯೂ ಎಂದಳು. ಅದರರ್ಥ ಹೊರಗೆ ಹೋಗಿ ಎಂದು ತಿಳಿಯಲು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ನಿಲ್ದಾಣದಲ್ಲಿ ಪಕ್ಕಪಕ್ಕ ನಿಂತೆವು. ನಾನು ಎಲ್ಲೋ ನೋಡುತ್ತಿದ್ದೆ. "ಅತ್ತಿಗೆ, ಬಸ್ ಬಂತು ಬನ್ನಿ," ಎಂದಳು. ಹತ್ತಿದೆ.

ಏಪ್ರಿಲ್ 21, ಭಾನುವಾರ

ಇಡೀ ದಿನ ಮಲಗಿದ್ದೆ. ಅಡುಗೆ ಅವಳು ಬಂದು ಮಾಡಿದಳಂತೆ.

ಮೇ 11, ಶನಿವಾರ

ಫಲಿತಾಂಶ ಬಂತು. ಇಬ್ಬರೂ ಪಾಸು. ಬರವಣಿಗೆಯಲ್ಲಿ ದಡ ಮುಟ್ಟಿದ್ದೇವೆ ಅಷ್ಟೆ. ಮಾತಿನ ಭಾಗದಲ್ಲಿ, ಪರಸ್ಪರ ಮಾತುಕತೆ ಎಂಬಲ್ಲಿ ಇಡೀ ಕ್ಲಾಸಿನಲ್ಲೇ ಹೆಚ್ಚು ಅಂಕ ನಮ್ಮದು. ಮೇಷ್ಟ್ರು ಎರಡು ಸಲ ಕಾಗದ ತಿರುಗಿಸಿ ನೋಡಿದರು. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ ಕೆಲಸದ ವಿಷಯ ಎಂದೆವು. ಕನ್ನಡಕದಮ್ಮ ಪಟ್ಟಿಯಲ್ಲಿ ನಮ್ಮ ಹೆಸರುಗಳ ಮೇಲೆ ಗೆರೆ ಎಳೆಯುವುದನ್ನು ನಿಂತು ನೋಡಿದೆ.

ಒಟ್ಟಿಗೇ ಮನೆಗೆ ಬಂದೆವು. ಕೇಳಿದ ಕೂಡಲೇ ಅತ್ತೆ ಮಂಚದ ಕಂಬಿ ಬಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಅವರದ್ದೂ ಅದೇ ಪ್ರಶ್ನೆ.

"ಅಷ್ಟು ಅಂಕ ಕೊಡೋ ಅಂಥದ್ದು ಏನು ಮಾತಾಡಿದ್ರಿ? ಮತ್ತೆ ಪ್ಲಾಸ್ಟಿಕ್ ಚೀಲವಾ?"

ಇವಳು ಬಾಯಿ ತೆರೆದಳು. ಆ ಕೋಣೆಯಲ್ಲಿ ಅಷ್ಟು ನೇರವಾಗಿ ಹೇಳಿದವಳು, ತಾಯಿಯ ಎದುರು, ನಮ್ಮ ಮಾತಿನಲ್ಲಿ, ಒಂದು ಶಬ್ದ ಎತ್ತಲಾರದೆ ನಿಂತಳು. ನನ್ನ ಕಡೆ ನೋಡಿದಳು.

"ಅವರು ಹೋದ ದಿನದ್ದು, ಅತ್ತೆ," ಎಂದೆ. "ಇವಳು ನನ್ನನ್ನ ಕರೆಯೋಕೆ ಅಂತಾನೇ ಹೊರಟಿದ್ದಳು. ಅವರು ಇವಳ ಕೈ ಹಿಡ್ಕೊಂಡ್ರಂತೆ. ಬಿಡಲೇ ಇಲ್ವಂತೆ. ಒಬ್ಬರನ್ನೇ ಬಿಟ್ಟು ಹೋಗೋಕೆ ಇವಳಿಗೆ ಮನಸ್ಸು ಬರಲಿಲ್ಲ. ಕೊನೇ ತನಕ ಹಿಡ್ಕೊಂಡೇ ಇದ್ದಳು. ಒಬ್ಬರೇ ಇರಲಿಲ್ಲ ಅತ್ತೆ ಅವರು."

ಅತ್ತೆ ಮಗಳನ್ನು ಕೇಳಿದರು, "ಯಾವ ಕೈ?"

ಇವಳು ಎಡಗೈ ಮುಂದೆ ಚಾಚಿದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳು ಬೆರಳನ್ನೂ ಸವರಿ, ಹಣೆಗೆ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಾದ ಮೇಲೆ ಆ ಕೈಯನ್ನು ನನ್ನ ಕಡೆ ಸರಿಸಿದರು.

"ನೀನೂ ಹಿಡ್ಕೋ," ಎಂದರು.

ಹಿಡಿದುಕೊಂಡೆ.